ನೀತಿ ಸಂಹಿತೆ ಬಂದಾಗ ನಿಮ್ಮ ಬಿಲ್, ಟೆಂಡರ್, ಲೈಸೆನ್ಸ್: ಕೊಪ್ಪಳ ಭಾಗದ ವ್ಯಾಪಾರಿಗಳಿಗೆ ಒಂದು ಕೈಪಿಡಿ

2019ರ ಮಾರ್ಚ್ 8, ಶುಕ್ರವಾರ. ಒಂದು ಹಾಸ್ಟೆಲ್ಲಿನ ಕಾಂಪೌಂಡ್ ಗೋಡೆ ಕಟ್ಟುವ ವರ್ಕ್ ಆರ್ಡರ್ ಬೆಳಿಗ್ಗೆಯೇ ಕೈಗೆ ಬಂತು. ಗುತ್ತಿಗೆ ನನ್ನ ತಮ್ಮನ ಹೆಸರಿನಲ್ಲಿತ್ತು, ಕಾಗದಪತ್ರದ ಜವಾಬ್ದಾರಿ ನನ್ನದು. ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಸೋಮವಾರ ಮುಖಂಡರೊಬ್ಬರು ಬಂದು ಭೂಮಿಪೂಜೆ ಮಾಡಲಿ, ನಂತರ ಪಾಯ ತೋಡಿದರಾಯಿತು ಎಂದುಕೊಂಡೆವು. ಭಾನುವಾರ ಸಂಜೆ ಚುನಾವಣಾ ಆಯೋಗ ದೆಹಲಿಯಲ್ಲಿ ಲೋಕಸಭೆ ಚುನಾವಣೆಯ ದಿನಾಂಕ ಘೋಷಿಸಿತು. ಸೋಮವಾರ ಬೆಳಿಗ್ಗೆ ಇಲಾಖೆಯ ಜೆಇ (ಕಿರಿಯ ಎಂಜಿನಿಯರ್) ಫೋನ್ ಮಾಡಿ, "ಕೆಲಸ ಚಾಲೂ ಮಾಡಬ್ಯಾಡ್ರಿ, ನೀತಿ ಸಂಹಿತೆ ಬಂದೈತಿ" ಎಂದರು. ಮತ ಎಣಿಕೆ ಇದ್ದದ್ದು ಮೇ 23ಕ್ಕೆ. ಅಷ್ಟರೊಳಗೆ ಕರೆಸಿದ್ದ ಗೌಂಡಿಗಳು ಬೇರೆ ಊರಿನ ಕೆಲಸ ಹಿಡಿದರು. ಇಳಿಸಿದ್ದ ಮರಳು ಬಿಸಿಲಲ್ಲಿ, ಗಾಳಿಯಲ್ಲಿ ಕರಗಿತು.

ಶುಕ್ರವಾರ ಮಧ್ಯಾಹ್ನವೇ ಸುಣ್ಣದ ಗೆರೆ ಹಾಕಿ, ಹತ್ತು ಅಡಿ ಪಾಯ ತೋಡಿ, ಜೆಇ ಅವರಿಂದ ಒಂದು ಸಹಿ ಹಾಕಿಸಿದ್ದರೆ ಆ ಕೆಲಸ ನಿಲ್ಲುತ್ತಿರಲಿಲ್ಲ.

ಕೊಪ್ಪಳದಲ್ಲಿ ಸಣ್ಣ ಗುತ್ತಿಗೆದಾರರಿಗೆ, ಸಪ್ಲೈ ಮಾಡುವವರಿಗೆ ಟೆಂಡರ್ ಹಾಕಿಕೊಡುವುದು, ಬಿಲ್ ಬರೆದುಕೊಡುವುದು ನನ್ನ ಕೆಲಸ. ಪ್ರತಿ ಚುನಾವಣೆಯಲ್ಲೂ ಅದೇ ಭಯ ನೋಡುತ್ತೇನೆ. "ಎಲ್ಲಾ ಬಂದ್ ಆತು, ಇನ್ನು ಮೂರು ತಿಂಗಳು ಆಫೀಸಿಗೆ ಹೋಗೋದೇ ಬ್ಯಾಡ" ಎಂದು ಜನ ಕೈಚೆಲ್ಲಿ ಕೂರುತ್ತಾರೆ. ಅದು ತಪ್ಪು. ನೀತಿ ಸಂಹಿತೆ ತಡೆಯುವುದು ಹೊಸದನ್ನು. ಮೊದಲೇ ಶುರುವಾದದ್ದು, ಮೊದಲೇ ಮುಗಿದದ್ದು ನಡೆಯುತ್ತದೆ. ಆದರೆ ಅದು ಮೊದಲಿನದು ಎಂದು ತೋರಿಸುವ, ತಾರೀಕು ಇರುವ ಕಾಗದ ನಿಮ್ಮ ಹತ್ತಿರ ಇರಬೇಕು.

ಸಂಹಿತೆ ಯಾವಾಗ ಬರುತ್ತದೆ, ಎಲ್ಲಿಯವರೆಗೆ ಇರುತ್ತದೆ

ಕೆಲವು ದೇಶಗಳಲ್ಲಿ ಚುನಾವಣೆಗೆ ಮುಂಚೆ ಸರ್ಕಾರವನ್ನು ಉಸ್ತುವಾರಿ ಸರ್ಕಾರ ಎಂದು ನಡೆಸುವ ಪದ್ಧತಿ ಇದೆ. ನಮ್ಮಲ್ಲಿ ಹಾಗಿಲ್ಲ. ಮಂತ್ರಿಗಳು ಮಂತ್ರಿಗಳಾಗಿಯೇ ಇರುತ್ತಾರೆ, ಅಧಿಕಾರಿಗಳೂ ಇರುತ್ತಾರೆ. ಅವರ ಕೈ ಕಟ್ಟುವುದು ಚುನಾವಣಾ ಆಯೋಗದ ಮಾದರಿ ನೀತಿ ಸಂಹಿತೆ. ಅಧಿಸೂಚನೆ ಬಂದ ದಿನವಲ್ಲ, ಆಯೋಗ ದಿನಾಂಕ ಘೋಷಿಸಿದ ಗಳಿಗೆಯಿಂದಲೇ ಅದು ಜಾರಿ. ಚುನಾವಣಾ ಪ್ರಕ್ರಿಯೆ ಪೂರ್ತಿ ಮುಗಿಯುವ ತನಕ ಇರುತ್ತದೆ.

ನಮ್ಮ ರಾಜ್ಯದ ಹಳೆಯ ತಾರೀಕುಗಳನ್ನು ಒಮ್ಮೆ ನೋಡಿ. ವಿಧಾನಸಭೆಗೆ 2013ರಲ್ಲಿ ಮಾರ್ಚ್ 20, 2018ರಲ್ಲಿ ಮಾರ್ಚ್ 27, 2023ರಲ್ಲಿ ಮಾರ್ಚ್ 29ಕ್ಕೆ ಘೋಷಣೆ ಆಯಿತು. ಲೋಕಸಭೆಗೆ 2014ರಲ್ಲಿ ಮಾರ್ಚ್ 5, 2019ರಲ್ಲಿ ಮಾರ್ಚ್ 10, 2024ರಲ್ಲಿ ಮಾರ್ಚ್ 16. ಎಲ್ಲವೂ ಮಾರ್ಚ್ ತಿಂಗಳೇ. ಸರ್ಕಾರಿ ಲೆಕ್ಕದ ವರ್ಷ ಮುಗಿಯುವ, ಬಿಲ್ಲುಗಳು ಖಜಾನೆಗೆ ಓಡುವ ತಿಂಗಳೂ ಅದೇ. ವಿಧಾನಸಭೆ ಚುನಾವಣೆಯಾದರೆ ಸುಮಾರು ಒಂದೂವರೆ ತಿಂಗಳಿಗೆ ಮುಗಿಯುತ್ತದೆ. ಲೋಕಸಭೆಯಾದರೆ ಹಾಗಲ್ಲ. 2024ರಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ಮೇ 7ಕ್ಕೇ ಮತದಾನ ಆಗಿದ್ದರೂ ಎಣಿಕೆ ಜೂನ್ 4ಕ್ಕೆ, ಸಂಹಿತೆ ಜೂನ್ 6ರವರೆಗೆ ಇತ್ತು. ಅಂದರೆ 80ಕ್ಕೂ ಜಾಸ್ತಿ ದಿನ. ಅದೇ ಜೂನ್ 3ಕ್ಕೆ ನಮ್ಮ ಈಶಾನ್ಯ ಪದವೀಧರ ಕ್ಷೇತ್ರದ ವಿಧಾನ ಪರಿಷತ್ ಚುನಾವಣೆ ಬೇರೆ ಇತ್ತು.

ಉಪಚುನಾವಣೆಯನ್ನು ಜನ ಮರೆಯುತ್ತಾರೆ. ಕ್ಷೇತ್ರ ಮಹಾನಗರ ಪಾಲಿಕೆಯೊಳಗೆ ಇದ್ದರೆ ಸಂಹಿತೆ ಆ ಕ್ಷೇತ್ರಕ್ಕೆ ಮಾತ್ರ. ಇಲ್ಲದಿದ್ದರೆ ಇಡೀ ಜಿಲ್ಲೆಗೆ. 2024ರ ಅಕ್ಟೋಬರ್ 15ಕ್ಕೆ ಸಂಡೂರು ಉಪಚುನಾವಣೆ ಘೋಷಣೆ ಆದಾಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದಲ್ಲಿ ಕೆಲಸ ಮಾಡುವವರಿಗೂ ಅದು ತಟ್ಟಿತು. ಹೀಗಾಗಿ ಬಳ್ಳಾರಿಯವರು ಆ ಒಂದೇ ವರ್ಷದಲ್ಲಿ ಎರಡು ಸಲ ಸಂಹಿತೆ ಕಂಡರು. 2021ರಲ್ಲಿ ಮಸ್ಕಿ ಉಪಚುನಾವಣೆಗೆ ರಾಯಚೂರು ಜಿಲ್ಲೆ ಹೀಗೇ ಸಿಕ್ಕಿಕೊಂಡಿತ್ತು. ಪಂಚಾಯಿತಿ, ನಗರಸಭೆ ಚುನಾವಣೆಗಳನ್ನು ರಾಜ್ಯ ಚುನಾವಣಾ ಆಯೋಗ ನಡೆಸುತ್ತದೆ, ಅದರ ಆದೇಶ ಬೇರೆ. ಸಂಹಿತೆ ಯಾವ ಹಳ್ಳಿಗೆ, ಯಾವ ಊರಿಗೆ ಅನ್ವಯ ಎಂದು ಆ ಆದೇಶದಲ್ಲೇ ಓದಿಕೊಳ್ಳಿ.

ಜನವರಿಯಲ್ಲಿ ಕೂತು ಮಾಡಬೇಕಾದ ಕೆಲಸ

ಚುನಾವಣೆ ವರ್ಷದ ಜನವರಿಯಲ್ಲಿ, ಗವಿಮಠದ ಜಾತ್ರೆ ಮುಗಿದ ಮೇಲೆ, ಒಂದು ನೋಟ್‌ಬುಕ್ ಹಿಡಿದು ಕೂರಿ. ಸರ್ಕಾರದ ಜೊತೆ ನಿಮಗಿರುವ ಎಲ್ಲ ವ್ಯವಹಾರ ಬರೆಯಿರಿ. ಪ್ರತಿಯೊಂದರ ಮುಂದೆ ಅದು ಯಾವ ಹಂತದಲ್ಲಿದೆ ಎಂದು ಹಾಕಿ. ಎಸ್ಟಿಮೇಟ್ ಆಗಿದೆಯಾ, ಟೆಂಡರ್ ಕರೆದಿದ್ದಾರಾ, ವರ್ಕ್ ಆರ್ಡರ್ ಬಂದಿದೆಯಾ, ಕೆಲಸ ಶುರುವಾಗಿದೆಯಾ, ಮುಗಿದಿದೆಯಾ, ಎಂ.ಬಿ. (ಕೆಲಸದ ಅಳತೆ ಪುಸ್ತಕ) ಬರೆದಿದ್ದಾರಾ, ಬಿಲ್ ಖಜಾನೆಗೆ ಹೋಗಿದೆಯಾ. ಎಲ್ಲವನ್ನೂ ಮಾರ್ಚ್ 1ರೊಳಗೆ ಒಂದೊಂದು ಹಂತ ಮುಂದೆ ತಳ್ಳಬೇಕು. ವರ್ಕ್ ಆರ್ಡರ್ ಸಿಕ್ಕ ಕೆಲಸವನ್ನು ಶುರು ಮಾಡುವುದು ಮೊದಲ ಆದ್ಯತೆ, ಮುಗಿದ ಕೆಲಸದ ಎಂ.ಬಿ. ಬರೆಸುವುದು ಎರಡನೆಯದು. ಇನ್ನೂ ಎಸ್ಟಿಮೇಟ್ ಹಂತದಲ್ಲಿ ಇರುವುದಕ್ಕೆ ಜಾಸ್ತಿ ಓಡಾಡಬೇಡಿ. ಅದು ಹೇಗೂ ಚುನಾವಣೆ ನಂತರದ್ದೇ.

ಇನ್ನೊಂದು ಲೆಕ್ಕ ಮನೆಯಲ್ಲೇ ಹಾಕಬೇಕು. ಮೂರು ತಿಂಗಳು ಸರ್ಕಾರದಿಂದ ಒಂದು ರೂಪಾಯಿ ಬರದಿದ್ದರೆ ಹುಡುಗರ ಪಗಾರ, ಅಂಗಡಿ ಬಾಡಿಗೆ, ಗಾಡಿಯ ಕಂತು ಹೇಗೆ? ಓಡಿ (ಓವರ್‌ಡ್ರಾಫ್ಟ್) ಮಿತಿ ಜಾಸ್ತಿ ಮಾಡಿಸುವುದಿದ್ದರೆ ಬ್ಯಾಂಕಿಗೆ ಫೆಬ್ರುವರಿಯಲ್ಲೇ ಹೋಗಿ. ಬಿಲ್ ಬರುತ್ತದೆ ಎಂದು ನಂಬಿ ಬಡ್ಡಿಗೆ ಸಾಲ ತಂದು ಸಿಮೆಂಟ್ ಇಳಿಸಿದವರ ಕಷ್ಟ ನಾನು ಹತ್ತಿರದಿಂದ ನೋಡಿದ್ದೇನೆ.

ಕೆಲಸ ಶುರುವಾಗಿದೆ ಎಂದರೆ ಏನು

ಇದೇ ಎಲ್ಲಕ್ಕಿಂತ ಮುಖ್ಯ ಭಾಗ, ನಿಧಾನ ಓದಿ.

ಆಯೋಗದ ಸೂಚನೆ ಹೀಗಿದೆ. ವರ್ಕ್ ಆರ್ಡರ್ ಕೊಟ್ಟಿದ್ದರೂ ಸ್ಥಳದಲ್ಲಿ ಕೆಲಸ ನಿಜವಾಗಿ ಶುರುವಾಗಿರದಿದ್ದರೆ ಸಂಹಿತೆ ಮುಗಿಯುವವರೆಗೆ ಶುರು ಮಾಡುವಂತಿಲ್ಲ. ಶುರುವಾಗಿದ್ದರೆ ಮುಂದುವರಿಸಬಹುದು. ಶಾಸಕರ, ಸಂಸದರ ನಿಧಿಯ ಕೆಲಸಕ್ಕೂ ಇದೇ ಮಾತು. ಕೆಕೆಆರ್‌ಡಿಬಿ (ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ) ದುಡ್ಡಿನ ಶಾಲಾ ಕೊಠಡಿಗೂ, ಡಿಎಂಎಫ್ (ಜಿಲ್ಲಾ ಖನಿಜ ನಿಧಿ) ದುಡ್ಡಿನ ರಸ್ತೆಗೂ ನೋಡುವುದು ಇದನ್ನೇ: ನೆಲದ ಮೇಲೆ ಏನಾಗಿದೆ?

ಘೋಷಣೆ ಆದ 72 ಗಂಟೆಯೊಳಗೆ ಪ್ರತಿ ಇಲಾಖೆಯಿಂದ ಜಿಲ್ಲಾ ಚುನಾವಣಾಧಿಕಾರಿಗೆ, ಅಂದರೆ ಡಿಸಿ ಅವರಿಗೆ, ಎರಡು ಪಟ್ಟಿ ಹೋಗಬೇಕು. ಒಂದರಲ್ಲಿ ಈಗಾಗಲೇ ಶುರುವಾದ ಕೆಲಸಗಳು, ಇನ್ನೊಂದರಲ್ಲಿ ಇನ್ನೂ ಶುರುವಾಗದ ಹೊಸ ಕೆಲಸಗಳು. ನಿಮ್ಮ ಕೆಲಸ ಯಾವ ಪಟ್ಟಿಯಲ್ಲಿ ಬೀಳುತ್ತದೋ ಅದರ ಮೇಲೆ ಮುಂದಿನ ಎರಡು ಮೂರು ತಿಂಗಳ ಹಣೆಬರಹ ನಿಂತಿದೆ. ಪಟ್ಟಿ ಮಾಡುವವರು ಉಪವಿಭಾಗದ ಕೇಸ್ ವರ್ಕರ್ ಮತ್ತು ಜೆಇ. ಅವರ ಮೇಲೂ ಆ ಮೂರು ದಿನ ವಿಪರೀತ ಒತ್ತಡ. ನೂರಾರು ಕಾಮಗಾರಿಗಳ ನಡುವೆ ನಿಮ್ಮದು ತಪ್ಪು ಪಟ್ಟಿಗೆ ಹೋದರೆ ಅದು ಯಾರದೋ ಹಗೆತನ ಅಲ್ಲ, ಅವರ ಕಡತದಲ್ಲಿ ಕೆಲಸ ಶುರುವಾದ ಗುರುತು ಇಲ್ಲದಿರುವುದೇ ಕಾರಣ.

ಆ ಗುರುತು ಇರುವ ಹಾಗೆ ನೋಡಿಕೊಳ್ಳಿ. ಪಾಯ ತೋಡಿದ ದಿನವೇ, ತಾರೀಕು ಮತ್ತು ಜಾಗದ ಗುರುತು ಬೀಳುವ ಕ್ಯಾಮೆರಾ ಆ್ಯಪ್‌ನಲ್ಲಿ ನಾಲ್ಕು ಫೋಟೋ ತೆಗೆಯಿರಿ. ಒಂದರಲ್ಲಿ ಹಿಂದೆ ಶಾಲೆಯ ಬೋರ್ಡೋ, ಗುಡಿಯ ಗೋಪುರವೋ ಕಾಣಬೇಕು. ಮಾರ್ಕಿಂಗ್ ಕೊಟ್ಟ ಜೆಇ ಸೈಟ್ ಪುಸ್ತಕದಲ್ಲಿ ಒಂದು ಸಾಲು ಬರೆದು ಸಹಿ ಹಾಕಲಿ. ಸಿಮೆಂಟ್, ಕಬ್ಬಿಣದ ಜಿಎಸ್‌ಟಿ ಬಿಲ್ಲಿನಲ್ಲಿ ಸೈಟಿನ ವಿಳಾಸ ಬರಲಿ. ಮರಳು, ಜಲ್ಲಿಯ ಪರ್ಮಿಟ್ ಎತ್ತಿಡಿ, ಅದು ಹೇಗೂ ಮುಂದೆ ರಾಯಲ್ಟಿ ಕಡಿತ ತಪ್ಪಿಸಲು ಬೇಕು. ಆಳುಗಳ ಹಾಜರಿ ಬರೆದಿಡಿ. ನಂತರ ಒಂದು ಪುಟದ ಪತ್ರ ಬರೆದು, "ಇಂತಹ ತಾರೀಕಿನಿಂದ ಕೆಲಸ ಆರಂಭಿಸಿದ್ದೇವೆ" ಎಂದು ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಕಚೇರಿಯಲ್ಲಿ ಪತ್ರ ತೆಗೆದುಕೊಳ್ಳುವ ಆವಕ ವಿಭಾಗಕ್ಕೆ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ನನ್ನ ಅನುಭವದಲ್ಲಿ ಫೋಟೋಗಿಂತ ಆ ಸೀಲೇ ದೊಡ್ಡದು.

ಭೂಮಿಪೂಜೆಗೆ ಕಾಯಬೇಡಿ ಎಂದು ಯಾರಿಗೂ ಹೇಳುವುದು ಕಷ್ಟ. ನಮ್ಮ ಕಡೆ ಅದು ಮರ್ಯಾದೆಯ ಪ್ರಶ್ನೆ. ಆದರೂ ಹೇಳುತ್ತೇನೆ. ಮೇಸ್ತ್ರಿಯ ಕೈಯಲ್ಲೇ ಕಾಯಿ ಒಡೆಸಿ ಶುರು ಮಾಡಿ. ದೊಡ್ಡವರು ಬರುವುದಿದ್ದರೆ ಉದ್ಘಾಟನೆಗೆ ಬರಲಿ.

ಇದರ ಹೆಸರಿನಲ್ಲಿ ಸುಳ್ಳು ಮಾತ್ರ ಬೇಡ. ಘೋಷಣೆ ಆದ ರಾತ್ರಿ ಜೆಸಿಬಿ ತಂದು ಗುಂಡಿ ತೋಡಿ, ಹಿಂದಿನ ತಾರೀಕು ಹಾಕಿಸುವವರಿದ್ದಾರೆ. ಆಯೋಗಕ್ಕೆ ದೂರು ಕೊಡುವ ಸಿ-ವಿಜಿಲ್ ಆ್ಯಪ್‌ನಲ್ಲಿ ಎದುರು ಪಕ್ಷದ ಹುಡುಗನೊಬ್ಬ ವಿಡಿಯೋ ಹಾಕಿದರೆ 100 ನಿಮಿಷದೊಳಗೆ ಅದರ ಮೇಲೆ ಕ್ರಮ ಆಗಬೇಕು ಎಂಬ ನಿಯಮವಿದೆ. ನಿಮ್ಮ ಜೊತೆ ಸಹಿ ಹಾಕಿದ ಜೆಇ ನೌಕರಿಗೂ ಕುತ್ತು.

ಮುಗಿದ ಕೆಲಸದ ಬಿಲ್

"ನೀತಿ ಸಂಹಿತೆ ಐತ್ರಿ, ಬಿಲ್ ಆಗಂಗಿಲ್ಲ." ಈ ಮಾತನ್ನು ಎಷ್ಟು ಕೌಂಟರ್‌ಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಪೂರ್ಣಗೊಂಡ ಕೆಲಸಕ್ಕೆ, ಸಂಬಂಧಪಟ್ಟ ಅಧಿಕಾರಿಗಳಿಗೆ ಪೂರ್ತಿ ತೃಪ್ತಿ ಆಗಿದ್ದರೆ, ಹಣ ಪಾವತಿಗೆ ತಡೆ ಇಲ್ಲ ಎಂದು ಆಯೋಗದ ಸೂಚನೆಯಲ್ಲೇ ಇದೆ. ಬಿಲ್ ನಿಲ್ಲುವುದು ಅನುದಾನ ಬಾರದ್ದಕ್ಕೆ ಇರಬಹುದು, ಎಂ.ಬಿ. ಚೆಕ್ ಆಗದ್ದಕ್ಕೆ ಇರಬಹುದು, ಸಾಹೇಬರು ಚುನಾವಣಾ ತರಬೇತಿಗೆ ಹೋಗಿರಬಹುದು. ಅವೆಲ್ಲ ನಿಜವಾದ ಕಾರಣಗಳು. ಸಂಹಿತೆ ಮಾತ್ರ ಕಾರಣವಲ್ಲ. ಯಾವುದು ನಿಜವಾದ ಕಾರಣ ಎಂದು ಸಮಾಧಾನದಿಂದ ಕೇಳಿ ತಿಳಿದುಕೊಂಡರೆ ಅರ್ಧ ದಾರಿ ಸವೆಯುತ್ತದೆ.

ಜಗಳ ಬೇಡ, ಪತ್ರ ಕೊಡಿ. ನಾನು ಬರೆದುಕೊಡುವ ಪತ್ರ ಸುಮಾರು ಹೀಗಿರುತ್ತದೆ:

"ಮಾನ್ಯರೆ, ಮೇಲ್ಕಂಡ ಕಾಮಗಾರಿಯ ಕಾರ್ಯಾದೇಶ ದಿನಾಂಕ (…) ರಂದು ನೀಡಲಾಗಿದ್ದು, ಕೆಲಸವು (…) ರಂದು ಆರಂಭವಾಗಿ (…) ರಂದು ಪೂರ್ಣಗೊಂಡಿದೆ. ಅಳತೆಯು ಎಂ.ಬಿ. ಸಂಖ್ಯೆ (…), ಪುಟ (…) ರಲ್ಲಿ ದಾಖಲಾಗಿದೆ. ಇದು ಚುನಾವಣಾ ದಿನಾಂಕಗಳ ಘೋಷಣೆಗೆ ಮೊದಲೇ ಆರಂಭವಾದ ಕೆಲಸವಾಗಿದೆ. ಪೂರ್ಣಗೊಂಡ ಕೆಲಸಗಳ ಹಣ ಪಾವತಿಗೆ ಮಾದರಿ ನೀತಿ ಸಂಹಿತೆಯಲ್ಲಿ ತಡೆ ಇರುವುದಿಲ್ಲ. ಆದ್ದರಿಂದ ಬಿಲ್ಲನ್ನು ಪಾವತಿಗೆ ಸಲ್ಲಿಸಲು ಕೋರುತ್ತೇನೆ. ತೊಂದರೆ ಇದ್ದಲ್ಲಿ ಕಾರಣವನ್ನು ಲಿಖಿತವಾಗಿ ತಿಳಿಸಲು ವಿನಂತಿ."

ಕೊನೆಯ ಸಾಲು ಮುಖ್ಯ. ಬಾಯಿಮಾತಿನಲ್ಲಿ ಹೇಳುವ ಕಾರಣವನ್ನು ಬರೆದು ಕೊಡಿ ಎಂದಾಗ ಕಡತ ಮತ್ತೊಮ್ಮೆ ತೆರೆಯುತ್ತದೆ. ಉತ್ತರ ಬರದಿದ್ದರೆ 15 ದಿನ ಬಿಟ್ಟು ಇಇ (ಕಾರ್ಯಪಾಲಕ ಎಂಜಿನಿಯರ್) ಕಚೇರಿಗೆ ಅದೇ ಪತ್ರದ ನಕಲು ಲಗತ್ತಿಸಿ ಕೊಡಿ. ಮಾಹಿತಿ ಹಕ್ಕಿನ ಅರ್ಜಿಗೂ ಸಂಹಿತೆಯ ತಡೆ ಇಲ್ಲ, 30 ದಿನದ ಗಡುವು ಹಾಗೇ ಇರುತ್ತದೆ. ಅದನ್ನು ಮೊದಲ ದಿನವೇ ಹಾಕಿದರೆ ಸಂಬಂಧ ಕೆಡುತ್ತದೆ, ಕೊನೆಗೆ ಇಟ್ಟುಕೊಳ್ಳಿ.

ಸಾಮಾನು ಸಪ್ಲೈ ಮಾಡುವ ಸಣ್ಣ ಉದ್ದಿಮೆಗಳಿಗೆ ಇನ್ನೊಂದು ಬಲ ಇದೆ. ಉದ್ಯಮ್ ನೋಂದಣಿ ಇದ್ದರೆ, ಎಂಎಸ್‌ಎಂಇ ಕಾಯ್ದೆ 2006ರ ಪ್ರಕಾರ ಸರಕು ಒಪ್ಪಿಕೊಂಡ ಮೇಲೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಡವಾದರೆ ಬಡ್ಡಿ ಕೇಳಬಹುದು. ಚುನಾವಣೆ ಬಂತೆಂದು ಈ ಲೆಕ್ಕ ನಿಲ್ಲುವುದಿಲ್ಲ. ಡೆಲಿವರಿ ಚಲನ್ ಮೇಲೆ ಸ್ಟೋರ್ ಕೀಪರ್ ಸಹಿ, ಸೀಲ್, ತಾರೀಕು ಮೂರೂ ಇರಲಿ.

ಟೆಂಡರ್ ಅರ್ಧಕ್ಕೆ ನಿಂತಾಗ

ಟೆಂಡರ್ ಇನ್ನೂ ಕರೆದಿಲ್ಲವಾದರೆ ಆಯೋಗದ ಒಪ್ಪಿಗೆ ಇಲ್ಲದೆ ಕರೆಯುವಂತಿಲ್ಲ. ಕರೆದಾಗಿದ್ದರೆ ಬಂದ ಬಿಡ್‌ಗಳನ್ನು ಪರಿಶೀಲಿಸಬಹುದು, ಆದರೆ ಒಪ್ಪಿಗೆ ಇಲ್ಲದೆ ಅಂತಿಮ ಮಾಡುವಂತಿಲ್ಲ. ಅಂದರೆ ರಾಜ್ಯದ ಟೆಂಡರ್ ಹಾಕುವ ಕೆಪಿಪಿಪಿ ಪೋರ್ಟಲ್‌ನಲ್ಲಿ ನಿಮ್ಮ ಟೆಕ್ನಿಕಲ್ ಬಿಡ್ ತೆರೆದಿರಬಹುದು, ಆರ್ಡರ್ ಮಾತ್ರ ಬರುವುದಿಲ್ಲ. ಗಾಬರಿ ಆಗಬೇಡಿ. ಆದರೆ ಎರಡು ತಾರೀಕು ನೋಡಿಕೊಳ್ಳಿ. ಬಿಡ್‌ನ ಊರ್ಜಿತ ಅವಧಿ ಯಾವಾಗ ಮುಗಿಯುತ್ತದೆ? ಬ್ಯಾಂಕ್ ಗ್ಯಾರಂಟಿ ಕೊಟ್ಟಿದ್ದರೆ ಅದು ಎಲ್ಲಿಯವರೆಗೆ? ಅವಧಿ ವಿಸ್ತರಿಸಿ ಎಂದು ಇಲಾಖೆ ಕೇಳಿದರೆ ಕೂಡಲೇ ಹೂಂ ಅನ್ನಬೇಡಿ. ಮೂರು ತಿಂಗಳ ಹಿಂದಿನ ಕಬ್ಬಿಣದ ದರಕ್ಕೆ ಈಗ ಕೆಲಸ ಆಗುತ್ತದೆಯೇ ಎಂದು ಲೆಕ್ಕ ಹಾಕಿ. ಆಗದಿದ್ದರೆ ಒಪ್ಪಿಗೆ ಇಲ್ಲ ಎಂದು ಗಡುವಿನೊಳಗೆ ಬರೆದುಕೊಟ್ಟು ಇಎಂಡಿ (ಟೆಂಡರ್ ಜೊತೆ ಕಟ್ಟಿದ ಠೇವಣಿ) ವಾಪಸ್ ಕೇಳಿ.

ಕೆಲವು ಕೆಲಸ ಕಾಯಲು ಆಗುವುದಿಲ್ಲ. ಬೇಸಿಗೆಯಲ್ಲಿ ಕುಷ್ಟಗಿ, ಯಲಬುರ್ಗಾ ಕಡೆ ಕುಡಿಯುವ ನೀರಿನ ಟ್ಯಾಂಕರ್ ಬೇಕು, ಹಾಸ್ಟೆಲ್ ಮಕ್ಕಳಿಗೆ ಊಟದ ಸಾಮಾನು ಬೇಕು. ಹಳೆಯ ಕರಾರು ಜೀವಂತ ಇದ್ದರೆ ಸಪ್ಲೈ ನಡೆಯುತ್ತದೆ. ಸಂಹಿತೆಯ ನಡುವೆ ಕರಾರು ಮುಗಿಯುವುದಿದ್ದರೆ ಇಲಾಖೆಯೇ ಅನುಮತಿ ಕೇಳಬೇಕು. ಪ್ರಸ್ತಾವನೆ ಇಲಾಖೆಯ ಮೂಲಕ ಮುಖ್ಯ ಕಾರ್ಯದರ್ಶಿಗಳ ನೇತೃತ್ವದ ಸ್ಕ್ರೀನಿಂಗ್ ಸಮಿತಿಗೆ, ಅಲ್ಲಿಂದ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ, ಅಲ್ಲಿಂದ ಆಯೋಗಕ್ಕೆ ಹೋಗುತ್ತದೆ. ವ್ಯಾಪಾರಿ ನೇರ ಆಯೋಗಕ್ಕೆ ಬರೆದು ಪ್ರಯೋಜನವಿಲ್ಲ. ನಾವು ಮಾಡಬಹುದಾದದ್ದು ಅಧಿಕಾರಿಗೆ ಸರಿಯಾದ ಮಾಹಿತಿ ಒದಗಿಸುವುದು: ಇದು ಯಾಕೆ ತುರ್ತು, ಮತದಾನ ಮುಗಿಯುವವರೆಗೆ ಯಾಕೆ ಕಾಯಲಾಗದು, ನಿಂತರೆ ಯಾರಿಗೆ ತೊಂದರೆ. ಕಡತದಲ್ಲಿ ಕೇಳುವುದೂ ಇದನ್ನೇ.

ಮಂತ್ರಿಗಳ ಹತ್ತಿರ ಹೋಗಿ ಫೋನ್ ಮಾಡಿಸುವ ಅಭ್ಯಾಸ ಇದ್ದರೆ ಈ ಅವಧಿಯಲ್ಲಿ ಬಿಡಿ. ಆ ಫೋನಿನಿಂದ ನಿಮ್ಮ ಕಡತ ಇನ್ನೂ ದೂರ ಹೋಗುತ್ತದೆ.

ಲೈಸೆನ್ಸ್, ತೆರಿಗೆ, ದಿನನಿತ್ಯದ ಕೆಲಸ

ಇದರಲ್ಲಿ ಹೇಳುವುದು ಕಡಿಮೆ. ಟ್ರೇಡ್ ಲೈಸೆನ್ಸ್ ನವೀಕರಣ, ಅಂಗಡಿ ನೋಂದಣಿ, ಖಾತಾ ಉತಾರ, ಸಬ್ ರಿಜಿಸ್ಟ್ರಾರ್ ಕಚೇರಿ, ಎಲ್ಲ ನಡೆಯುತ್ತವೆ. ಸಕಾಲದ ಗಡುವೂ ಇರುತ್ತದೆ, ಅರ್ಜಿ ಕೊಟ್ಟಾಗ ಸಿಗುವ ಸಕಾಲ ಸಂಖ್ಯೆ ಎತ್ತಿಡಿ. ಆದರೆ ಸಿಬ್ಬಂದಿ ಚುನಾವಣೆ ಕೆಲಸಕ್ಕೆ ಹೋಗುತ್ತಾರೆ. ತಹಶೀಲ್ದಾರ್, ಎಸಿ, ಡಿಸಿ ಮೂವರೂ ಚುನಾವಣೆಯಲ್ಲೇ ಮುಳುಗಿರುತ್ತಾರೆ. ಹೊಸ ಕಾರ್ಖಾನೆಗೆ 15 ಕೋಟಿವರೆಗಿನ ಹೂಡಿಕೆಯ ಪ್ರಸ್ತಾವನೆ ಡಿಸಿ ಅಧ್ಯಕ್ಷತೆಯ ಜಿಲ್ಲಾ ಏಕಗವಾಕ್ಷಿ ಸಮಿತಿಗೆ ಹೋಗುತ್ತದೆ. ಅಂಥದ್ದನ್ನು ಫೆಬ್ರುವರಿ ಸಭೆಗೇ ಬರುವಂತೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿಕೊಳ್ಳಿ.

ತೆರಿಗೆಗೆ ಸಂಹಿತೆ ಇಲ್ಲ. ಜಿಎಸ್‌ಟಿ ರಿಟರ್ನ್ ತಾರೀಕು ಹಾಗೇ. ನಗರಸಭೆಯ ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲಿ ಕಟ್ಟಿದರೆ ಸಿಗುವ ಶೇ. 5 ರಿಯಾಯಿತಿ ತಪ್ಪಿಸಿಕೊಳ್ಳಬೇಡಿ.

ಚೆಕ್‌ಪೋಸ್ಟ್ ಮತ್ತು ಕೈಯಲ್ಲಿನ ನಗದು

2023ರ ಮೇ ತಿಂಗಳು. ಗಂಗಾವತಿ, ಕಾರಟಗಿ ಕಡೆ ಬೇಸಿಗೆ ಭತ್ತದ ಕಟಾವು ನಡೆದಿತ್ತು. ನನಗೆ ಪರಿಚಯದ ದಲಾಲಿ ಅಂಗಡಿಯ ಗುಮಾಸ್ತ ಹುಡುಗ ಬೈಕಿನಲ್ಲಿ 2,40,000 ರೂಪಾಯಿ ತೆಗೆದುಕೊಂಡು ಹೊರಟಿದ್ದ. ಹಮಾಲರ ಕೂಲಿ, ಇಬ್ಬರು ರೈತರ ಬಾಕಿ. ಶಾಮಿಯಾನ ಹಾಕಿದ ಚೆಕ್‌ಪೋಸ್ಟಿನಲ್ಲಿ ತಡೆದರು. ವಿಡಿಯೋ ಮಾಡುವವನು ಪಕ್ಕದಲ್ಲೇ ನಿಂತಿದ್ದ. ಹುಡುಗ ಬ್ಯಾಂಕಿನ ಚೀಟಿ ತೋರಿಸಿದ. ಅದು ಮೂರು ದಿನ ಹಿಂದಿನದು, ಅದರಲ್ಲಿದ್ದ ಮೊತ್ತವೂ ಬೇರೆ. "ಯಾರಿಗೆ ಕೊಡೋದು ತಮ್ಮಾ ಇದು?" ಎಂದು ಅಧಿಕಾರಿ ಕೇಳಿದರು. ಅವನಿಗೆ ರೈತರ ಪೂರ್ತಿ ಹೆಸರು ಗೊತ್ತಿರಲಿಲ್ಲ. "ಸಾಹುಕಾರ್ರನ್ನ ಕೇಳ್ರಿ" ಎಂದ. ಹಣ ಎಣಿಸಿ, ಮಹಜರು ಬರೆದು, ರಸೀದಿ ಕೊಟ್ಟು ಜಪ್ತಿ ಮಾಡಿದರು. ಅಧಿಕಾರಿ ಒರಟಾಗಿ ಮಾತಾಡಲಿಲ್ಲ, ತಪ್ಪನ್ನೂ ಮಾಡಲಿಲ್ಲ. ಕಾಗದ ಇರಲಿಲ್ಲ, ಅಷ್ಟೇ. ಹಣ ವಾಪಸ್ ಬಂದದ್ದು ಆರನೇ ದಿನ. ಅಲ್ಲಿಯವರೆಗೆ ಹಮಾಲರು ಕೂಲಿ ಇಲ್ಲದೆ ಕಾದರು. ನನಗೆ ಜಾಸ್ತಿ ನೋವಾದದ್ದು ಅದೇ.

ನಿಯಮ ತಿಳಿದಿರಲಿ. ಅಭ್ಯರ್ಥಿ, ಅವರ ಏಜೆಂಟ್ ಅಥವಾ ಪಕ್ಷದ ಕಾರ್ಯಕರ್ತ ಇರುವ ಗಾಡಿಯಲ್ಲಿ 50,000 ರೂಪಾಯಿಗಿಂತ ಜಾಸ್ತಿ ನಗದು ಅಥವಾ 10,000 ರೂಪಾಯಿ ಮೀರಿದ ಉಡುಗೊರೆ ವಸ್ತು ಸಿಕ್ಕರೆ ಜಪ್ತಿ. 10 ಲಕ್ಷ ಮೀರಿದರೆ ಆದಾಯ ತೆರಿಗೆ ಇಲಾಖೆಗೆ ತಿಳಿಸುತ್ತಾರೆ. ವ್ಯಾಪಾರಿ ಯಾರು, ಕಾರ್ಯಕರ್ತ ಯಾರು ಎಂದು ರಸ್ತೆಯಲ್ಲಿ ನಿಂತವರಿಗೆ ಮುಖ ನೋಡಿ ತಿಳಿಯುವುದಿಲ್ಲ. ಹಾಗಾಗಿ 50,000 ದಾಟಿದ ಯಾವ ನಗದಿಗೂ ಕಾಗದ ಬೇಕು ಎಂದೇ ತಿಳಿಯಿರಿ.

ನಾನು ಈಗ ಎಲ್ಲರಿಗೂ ಒಂದು ಪ್ಲಾಸ್ಟಿಕ್ ಫೈಲ್ ಮಾಡಿಸಿಕೊಟ್ಟಿದ್ದೇನೆ. ಅದರಲ್ಲಿ ಅಂದಿನ ಬ್ಯಾಂಕ್ ಚೀಟಿ ಅಥವಾ ಪಾಸ್‌ಬುಕ್ ಎಂಟ್ರಿ, ರೋಜ್‌ಮೇಳದ (ದಿನದ ಜಮಾ-ಖರ್ಚಿನ ಪುಸ್ತಕ) ಆ ದಿನದ ಪುಟದ ಜೆರಾಕ್ಸ್, ಎಪಿಎಂಸಿ ಲೈಸೆನ್ಸ್ ಪ್ರತಿ, ಹಣ ಒಯ್ಯುವವನ ಗುರುತಿನ ಚೀಟಿ, ಲೆಟರ್‌ಹೆಡ್ ಮೇಲೆ ಮಾಲೀಕರ ಸಹಿಯ ಒಂದು ಪತ್ರ ಇರುತ್ತವೆ. ಎಷ್ಟು ಹಣ, ಎಲ್ಲಿಂದ ಎಲ್ಲಿಗೆ, ಯಾರಿಗೆ, ಯಾತಕ್ಕೆ ಎಂದು ಆ ಪತ್ರದಲ್ಲಿ ಬರೆದಿರಬೇಕು. ರೈತರ ಹಣವಾದರೆ ಮಾಲಿನ ತೂಕ, ದರ ಬರೆದ ತಕ್‌ಪಟ್ಟಿಯ ಪ್ರತಿ ಸೇರಿಸಿ. ಆದಷ್ಟು ಬ್ಯಾಂಕಿನಲ್ಲೇ ಹಾಕಿಬಿಡಿ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದವರು ಶನಿವಾರದ ಬಟವಾಡೆಗೆ ನಗದು ತರುವಾಗಲೂ ಇದೇ ಫೈಲ್ ಇರಲಿ, ಜೊತೆಗೆ ಹೊಲಿಗೆಯವರ ಹೆಸರಿನ ಪಟ್ಟಿ.

ಜಪ್ತಿ ಆಯಿತೆಂದರೆ ಅಲ್ಲೇ ವಾದ ಮಾಡುತ್ತಾ ನಿಲ್ಲಬೇಡಿ. ರಸೀದಿ ತೆಗೆದುಕೊಳ್ಳಿ, ಮೊತ್ತ ಸರಿಯಿದೆಯಾ ನೋಡಿ. ಪ್ರತಿ ಜಿಲ್ಲೆಯಲ್ಲಿ ಇದಕ್ಕೆಂದೇ ಮೂವರ ಸಮಿತಿ ಇರುತ್ತದೆ: ಜಿಲ್ಲಾ ಪಂಚಾಯಿತಿ ಸಿಇಒ, ಚುನಾವಣಾ ವೆಚ್ಚದ ನೋಡಲ್ ಅಧಿಕಾರಿ, ಖಜಾನೆ ಅಧಿಕಾರಿ. ಮರುದಿನ ಬೆಳಿಗ್ಗೆಯೇ ದಾಖಲೆಗಳ ಜೊತೆ ಅವರಿಗೆ ಅರ್ಜಿ ಕೊಡಿ. ಎಫ್‌ಐಆರ್ ಇಲ್ಲದೆ, ಯಾವುದೇ ಅಭ್ಯರ್ಥಿಗೆ ಸಂಬಂಧ ಇಲ್ಲದಿದ್ದರೆ ಬಿಡುಗಡೆ ಮಾಡಬೇಕು, ಮತದಾನ ಆಗಿ 7 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ.

ಸರಕಿಗೂ ಇದೇ ಎಚ್ಚರ. ಇನ್‌ವಾಯ್ಸ್, 50,000 ಮೀರಿದರೆ ಇ-ವೇ ಬಿಲ್ ಗಾಡಿಯಲ್ಲೇ ಇರಲಿ. ಸೀರೆ, ಕುಕ್ಕರ್, ಗಡಿಯಾರ ಮಾರುವವರನ್ನು ಜಾಸ್ತಿ ವಿಚಾರಿಸುತ್ತಾರೆ. ರಾಯಚೂರು, ಬಳ್ಳಾರಿಯವರಿಗೆ ಗಡಿ ಬೇರೆ ಇದೆ. 2024ರಲ್ಲಿ ನಮ್ಮಲ್ಲಿ ಮೇ 7ಕ್ಕೆ ಮತದಾನ ಮುಗಿದರೂ ಆಂಧ್ರ, ತೆಲಂಗಾಣದಲ್ಲಿ ಮೇ 13ಕ್ಕೆ ಇತ್ತು. ಮಕ್ತಲ್, ಆದೋನಿ, ಗುಂತಕಲ್ ಕಡೆ ಹೋಗುವವರು ಆ ಕಡೆಯ ತಾರೀಕನ್ನೂ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಟ್ಟುಕೊಳ್ಳಿ.

ಗಾಡಿ, ಪ್ರೆಸ್, ಕಲ್ಯಾಣ ಮಂಟಪ, ಆಳುಗಳು

ಚುನಾವಣೆ ಕೆಲಸಕ್ಕೆ ನಿಮ್ಮ ಕ್ರೂಸರ್, ಟೆಂಪೊ, ಬಸ್ ಕೇಳುವ ಅಧಿಕಾರ ಜಿಲ್ಲಾಡಳಿತಕ್ಕೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 160ನೇ ಕಲಮಿನಲ್ಲಿದೆ. ಕೊಡಲೇಬೇಕು. ಆದರೆ ಲಿಖಿತ ಆದೇಶ ಪಡೆಯಿರಿ, ಕೊಡುವಾಗ, ವಾಪಸ್ ತರುವಾಗ ಮೀಟರಿನ ಫೋಟೋ ತೆಗೆಯಿರಿ, ಲಾಗ್ ಪುಸ್ತಕದ ಪ್ರತಿ ಇಟ್ಟುಕೊಳ್ಳಿ. ಬಾಡಿಗೆ ಕೊಡಬೇಕು ಎಂದು 161ನೇ ಕಲಮು ಹೇಳುತ್ತದೆ. ಬ್ಯಾಂಕ್ ಖಾತೆ ವಿವರ ಅದೇ ದಿನ ಬರೆದುಕೊಟ್ಟರೆ ಆಮೇಲೆ ಅಲೆಯುವುದು ತಪ್ಪುತ್ತದೆ.

ಪ್ರೆಸ್ಸಿನವರು ಕರಪತ್ರ, ಪೋಸ್ಟರ್ ಮೇಲೆ ಮುದ್ರಕ ಮತ್ತು ಪ್ರಕಾಶಕರ ಹೆಸರು, ವಿಳಾಸ ಹಾಕಲೇಬೇಕು. ಪ್ರಕಾಶಕರ ಘೋಷಣಾ ಪತ್ರ ಪಡೆದು, ಪ್ರತಿಗಳ ಜೊತೆ ಡಿಸಿ ಕಚೇರಿಗೆ ಕಳಿಸಬೇಕು. ತಪ್ಪಿದರೆ 6 ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಶಾಮಿಯಾನ, ಅಡುಗೆ, ಮೈಕ್, ಕಲ್ಯಾಣ ಮಂಟಪದವರು ಅಭ್ಯರ್ಥಿಗಳಿಗೆ ಬಿಲ್ ಕೊಟ್ಟೇ ಕೆಲಸ ಮಾಡಿ. 10,000 ರೂಪಾಯಿ ಮೀರಿದರೆ ಅಭ್ಯರ್ಥಿ ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಡಬೇಕು. ಪರಿಚಯದವರೆಂದು ಪುಕ್ಕಟೆ ಕೊಟ್ಟರೂ ಅದು ಅವರ ವೆಚ್ಚದ ಲೆಕ್ಕಕ್ಕೆ ಸೇರುತ್ತದೆ, ನಿಮಗೂ ನೋಟಿಸ್ ಬರುತ್ತದೆ. ಅಂಗಡಿ ಮುಂದಿನ ಹುಟ್ಟುಹಬ್ಬದ ಫ್ಲೆಕ್ಸನ್ನು ಘೋಷಣೆ ಆದ ಸಂಜೆಯೇ ಇಳಿಸಿಬಿಡಿ.

ಮತದಾನದ ದಿನ ಆಳುಗಳಿಗೆ ಪಗಾರ ಸಹಿತ ರಜೆ, ದಿನಗೂಲಿಯವರಿಗೂ ಸೇರಿ. ಊರು ಬಿಟ್ಟು ಬಂದು ದುಡಿಯುವವರಿದ್ದರೆ ಹೋಗಿ ಬರಲು ಹಿಂದಿನ ದಿನವೂ ಬಿಡಿ. ಅವರ ಮತಕ್ಕೆ ಅಷ್ಟು ಬೆಲೆ ಕೊಡೋಣ.

ಸಂಹಿತೆ ಮುಗಿದ ದಿನ

ಸಂಹಿತೆ ಮುಗಿದರೆ ಎಲ್ಲ ಸರಿಹೋಗುತ್ತದೆ ಎಂದು ತಿಳಿಯಬೇಡಿ. 2023ರ ಮೇನಲ್ಲಿ ಹೊಸ ಸರ್ಕಾರ ಬಂದ ಕೂಡಲೇ ಹಿಂದಿನ ಸರ್ಕಾರದ ಶುರುವಾಗದ ಕಾಮಗಾರಿಗಳಿಗೆ, ಹಣ ಬಿಡುಗಡೆಗೆ ತಡೆ ಹಾಕಿ ಪರಿಶೀಲನೆಗೆ ಹೇಳಿತು. ಆಗಲೂ ಉಳಿದುಕೊಂಡದ್ದು ನೆಲದ ಮೇಲೆ ಕಾಣುವ ಕೆಲಸ ಮತ್ತು ಪೂರ್ತಿ ಇರುವ ಕಡತ. ಹಾಗಾಗಿ ಸಂಹಿತೆಯ ದಿನಗಳನ್ನು ಸುಮ್ನೆ ಕಳೆಯದೆ ಕಡತ ಸರಿ ಮಾಡಿಕೊಳ್ಳಿ. ಕಾರ್ಯಾದೇಶ, ಕರಾರು, ಫೋಟೋ, ಟೆಸ್ಟ್ ರಿಪೋರ್ಟ್, ಪರ್ಮಿಟ್, ಜಿಎಸ್‌ಟಿ ಬಿಲ್, ಕೊಟ್ಟ ಪತ್ರಗಳ ಸೀಲ್ ಹಾಕಿದ ಪ್ರತಿ, ಎಲ್ಲವನ್ನೂ ತಾರೀಕಿನ ಪ್ರಕಾರ ಜೋಡಿಸಿ, ಮೇಲೆ ಒಂದು ಪುಟದ ಪಟ್ಟಿ ಹಾಕಿ, ಎರಡು ಸೆಟ್ ಮಾಡಿ.

ಸಂಹಿತೆ ತೆಗೆದ ಆದೇಶ ಬಂದ ಮರುದಿನ ಕಚೇರಿ ಮುಂದೆ ಜಾತ್ರೆಯಷ್ಟು ಜನ ಇರುತ್ತಾರೆ. ಹತ್ತು ಗಂಟೆಗೆ ಬಾಗಿಲು ತೆರೆಯುವಾಗ ಅಲ್ಲಿರಿ. ಒಂದು ಸೆಟ್ ಆವಕಕ್ಕೆ ಕೊಟ್ಟು ಸೀಲ್ ಹಾಕಿಸಿ, ಇನ್ನೊಂದನ್ನು ಕೇಸ್ ವರ್ಕರ್ ಮೇಜಿನ ಮೇಲೆ ಇಡಿ. ಎರಡು ತಿಂಗಳು ಮನೆ ಮಠ ಬಿಟ್ಟು ಮತಗಟ್ಟೆ ಕೆಲಸ ಮಾಡಿ ಬಂದವರು ಅವರು. ಮೊದಲು "ಆರಾಮ ಅದೀರೇನ್ರಿ?" ಎಂದು ಕೇಳಿ, ಆಮೇಲೆ ಬಿಲ್ಲಿನ ಮಾತು ತೆಗೆಯಿರಿ.